ಉಂಗುರ ನಮ್ಮೂರ ಕೆರೆಯಲ್ಲಿದೆ

ನಮ್ಮೂರ ಕೆರೆಯಲ್ಲಿ ಒಂದು ವಿಷದ ಉಂಗುರ ಇದೆ ಅಂತ ಹತ್ತು ವರ್ಷದವನಾಗುವವರೆಗೂ ನಾನು ನಂಬಿದ್ದೆ.

ಅರಕಲಗೂಡಿನ ಹತ್ತಿರ ನಮ್ಮ ಅಜ್ಜಿ ಮನೆ. ಬೇಸಿಗೆ ರಜೆಯಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ಅಂಗಳಕ್ಕೆ ಚಾಪೆ ಹಾಸಿ ನಾವೆಲ್ಲ ಸಾಲಾಗಿ ಮಲಗಿದಾಗ ಅಜ್ಜಿ ಹೇಳುತ್ತಿದ್ದ ಕಥೆ ಅದು. ರಾಜಕುಮಾರನೊಬ್ಬ ಕುದುರೆ ಮೇಲೆ ಒಬ್ಬನೇ ಬರುತ್ತಿರುತ್ತಾನೆ. ಜೋರು ಮಳೆ, ಗುಡುಗು. ಊರಾಚೆಯ ಈಶ್ವರನ ಗುಡಿ ಕಾಣಿಸುತ್ತದೆ. ಬಾಗಿಲು ಹಾಕಿದೆ. ತಳ್ಳಿ ಒಳಗೆ ಹೋಗುತ್ತಾನೆ, ಅವನ ಹಿಂದೆಯೇ ನುಗ್ಗಿದ ಗಾಳಿಗೆ ದೀಪ ಆರಿಹೋಗುತ್ತದೆ. ಕತ್ತಲಲ್ಲಿ ಬಳೆ ಸದ್ದು! ಇಲ್ಲಿ ಅಜ್ಜಿ ತನ್ನ ಬಳೆಗಳನ್ನೇ ಒಂದು ಸಲ ಅಲ್ಲಾಡಿಸುತ್ತಿದ್ದಳು. ನಮಗೆ ಮೈ ಜುಂ ಅನ್ನುತ್ತಿತ್ತು.

ಕಥೆಯ ಕೊನೆಯಲ್ಲಿ ಇನ್ನೊಬ್ಬ ರಾಜಕುಮಾರಿ ಬರುತ್ತಾಳೆ. ಅವಳಿಗೂ ಅದೇ ರಾಜಕುಮಾರನ ಮೇಲೆ ಮನಸ್ಸು. ಅವನ ಮದುವೆ ಮಾತ್ರ ಗುಡಿಯಲ್ಲಿ ಸಿಕ್ಕ ಹುಡುಗಿಯ ಜೊತೆ ಆಗುತ್ತದೆ. ಆ ರಾತ್ರಿ ಇವಳು ವಿಷದ ಉಂಗುರ ಹಿಡಿದು ಕೂರುತ್ತಾಳೆ. ತುಂಬ ಹೊತ್ತು ಯೋಚಿಸುತ್ತಾಳೆ. ಆಮೇಲೆ ಉಂಗುರವನ್ನು ಬಿಚ್ಚಿ ನೀರಿಗೆ ಎಸೆದುಬಿಡುತ್ತಾಳೆ.

"ಯಾವ ನೀರಿಗೆ ಅಜ್ಜಿ?"

"ಇನ್ಯಾವುದು, ನಮ್ಮ ಕೆರೆಗೇ. ಅದಕ್ಕೇ ಆ ಏರಿ ಕಡೆ ಈಜಕ್ಕೆ ಹೋಗ್ಬೇಡಿ ಅನ್ನೋದು."

ಈಗ ನನಗೆ ಮೂವತ್ತು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಆ ಉಂಗುರ ನಮ್ಮೂರ ಕೆರೆಗೆ ಎಲ್ಲಿಂದ ಬಂತು ಅನ್ನೋದು ಗೊತ್ತಾಗಿದ್ದು ಕಳೆದ ವರ್ಷ. ಆ ದಾರಿ ಹುಡುಕುತ್ತಾ ಹೋದಾಗ ನೂರು ವರ್ಷದ ಹಿಂದೆ ಕನ್ನಡದಲ್ಲಿ ಕಥೆ ಬರೆದವರು ಯಾರು, ಅದನ್ನು ಕೇಳಿದವರು ಯಾರು ಅನ್ನೋದೂ ಸ್ವಲ್ಪ ಅರ್ಥವಾಯಿತು.

ನಿಲ್ಲಿಸಿದರೆ ನಿಲ್ಲಬೇಕು

ಅಜ್ಜಿಗೆ ಈಗ ಎಂಬತ್ತೈದು. ಮನೆಗೆ ಬಂದ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನ ತನಕ ಓದುತ್ತಿದ್ದವಳು. ತ್ರಿವೇಣಿ ಕಾದಂಬರಿಗಳನ್ನು ಎಷ್ಟು ಸಲ ಓದಿದ್ದಾಳೋ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಅವಳ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂತು. ಕನ್ನಡಕ ಬದಲಾಯಿಸಿದರೆ ಸರಿಹೋಗುವ ತೊಂದರೆ ಇದಲ್ಲ ಅಂದರು ಡಾಕ್ಟರು. "ಸುತ್ತಲೂ ಇರೋದೆಲ್ಲ ಕಾಣುತ್ತೆ ಕಣೋ, ನಾನು ಏನನ್ನ ನೋಡ್ತೀನೋ ಅದು ಮಾತ್ರ ಕಾಣಲ್ಲ" ಅಂತ ಅಜ್ಜಿ ನಗುತ್ತಾ ಹೇಳಿದಳು. ಆಮೇಲೆ ಪತ್ರಿಕೆ ತರಿಸೋದನ್ನು ನಿಲ್ಲಿಸಿಬಿಟ್ಟಳು.

ನಾವು ಸಾಫ್ಟ್‌ವೇರ್ ಮಂದಿ. ಏನೇ ತೊಂದರೆ ಬಂದರೂ ಮೊದಲು ಒಂದು ಆ್ಯಪ್ ಹುಡುಕುತ್ತೀವಿ. ನಾನೂ ಕನ್ನಡ ಆಡಿಯೋ ಪುಸ್ತಕಗಳನ್ನು ಹಾಕಿಕೊಟ್ಟು ಬಂದೆ. ಒಂದು ವಾರದಲ್ಲಿ ಅಜ್ಜಿಯ ತೀರ್ಪು ಬಂತು.

"ಆ ಹುಡುಗಿ ಚೆನ್ನಾಗಿ ಓದ್ತಾಳೆ. ಆದ್ರೆ ನಾನು ಮಧ್ಯೆ ಏನಾದ್ರೂ ಕೇಳಿದ್ರೆ ನಿಲ್ಸೋದೇ ಇಲ್ವಲ್ಲೋ."

ಅವತ್ತಿಂದ ರಾತ್ರಿ ಒಂಬತ್ತೂವರೆಗೆ ನಾನೇ ಫೋನ್ ಮಾಡಿ ಓದೋದು ಅಂತ ಆಯಿತು. ದಿನಾ ಅರ್ಧ ಗಂಟೆ. ಮೊದಲು ನನಗೆ ಇಷ್ಟವಾದ ಇತ್ತೀಚಿನ ಕಥೆಯೊಂದನ್ನು ಓದಿದೆ. ಮನಸ್ಸಿನೊಳಗೇ ನಡೆಯುವ ಸೂಕ್ಷ್ಮವಾದ ಕಥೆ. ಹತ್ತು ನಿಮಿಷವಾದ ಮೇಲೆ ಅಜ್ಜಿ ಕೇಳಿದಳು: "ಇವ್ನು ಯಾರ ಹತ್ರ ಮಾತಾಡ್ತಿದಾನೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಥೆಯವನು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ, ಯೋಚಿಸುತ್ತಿದ್ದ ಅಷ್ಟೆ.

ಮರುದಿನ ಮಾಸ್ತಿಯವರ 'ರಂಗನ ಮದುವೆ' ತೆಗೆದೆ.

ಕಿವಿಗೆ ಬರೆದ ಕಥೆ

ಶಾಲೆಯಲ್ಲಿ ಮಾಸ್ತಿ ಅಂದರೆ 'ಸಣ್ಣಕಥೆಗಳ ಜನಕ', 'ಶ್ರೀನಿವಾಸ' ಕಾವ್ಯನಾಮ, ಎರಡು ಮಾರ್ಕು. ನಿಮಗೂ ಹಾಗೇ ಇರಬೇಕು. 'ರಂಗನ ಮದುವೆ' 1910ರ ಹೊತ್ತಿನದು. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಮೊದಲ ಸಂಕಲನ 'ಕೆಲವು ಸಣ್ಣ ಕಥೆಗಳು' ಬಂದದ್ದು 1920ರಲ್ಲಿ.

ಮೌನವಾಗಿ ಓದಿದಾಗ ಈ ಕಥೆ ನನಗೆ ಸ್ವಲ್ಪ ಹರಟೆ ಅನ್ನಿಸಿತ್ತು. ಶುರುವಿಗೇ ಕಥೆಗಾರ ಶ್ಯಾಮ ತನ್ನೂರು ಹೊಸಹಳ್ಳಿಯ ಬಗ್ಗೆ ಒಂದು ಸುತ್ತು ಮಾತಾಡುತ್ತಾನೆ. ಭೂಪಟ ಬರೆದವರು ಯಾರೂ ಅದನ್ನು ಗುರುತಿಸಿಲ್ಲ ಅಂತ ಗೊಣಗುತ್ತಾನೆ, ಮೈಸೂರು ಸೀಮೆ ಕರಿಗಡುಬಾದರೆ ನಮ್ಮೂರು ಅದರ ಹೂರಣ ಅನ್ನುತ್ತಾನೆ, ಮಾವಿನಕಾಯಿ ಹುಳಿಯ ವಿಚಾರ ತೆಗೆಯುತ್ತಾನೆ. ವಿಷಯಕ್ಕೆ ಬಾರಪ್ಪಾ ಅನ್ನಿಸುತ್ತಿತ್ತು.

ಗಟ್ಟಿಯಾಗಿ ಓದಿದಾಗ ಗೊತ್ತಾಯಿತು. ಕೇಳುವವರು ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಸರಿಯಾಗಿ ಕೂತುಕೊಳ್ಳೋದಕ್ಕೆ ಬೇಕಾದ ಸಮಯ ಅದು. ಹರಿಕಥೆ ದಾಸರು ಪೀಠಿಕೆ ಹಾಕುತ್ತಾರಲ್ಲ, ಹಾಗೆ. ಶ್ಯಾಮ ಮಾತಾಡುತ್ತಿರುವುದು ಎದುರಿಗೆ ಕೂತವರ ಹತ್ತಿರ. ಅವರು ನಗುವುದಕ್ಕೆ, "ಹೌದೌದು" ಅನ್ನುವುದಕ್ಕೆ ಜಾಗ ಬಿಟ್ಟೇ ವಾಕ್ಯ ಕಟ್ಟಿದ್ದಾರೆ ಮಾಸ್ತಿ. ಅಜ್ಜಿ ಆ ಜಾಗಗಳಲ್ಲೆಲ್ಲ ಸರಿಯಾಗಿ ಬಂದು ಕೂತಳು. ಕರಿಗಡುಬಿನ ಮಾತಿಗೆ "ನಮ್ಮನೇಲೂ ಗೌರಿ ಹಬ್ಬಕ್ಕೆ ಮಾಡ್ತಿದ್ವಿ" ಅಂದಳು. ಬೆಂಗಳೂರಲ್ಲಿ ಇಂಗ್ಲಿಷ್ ಓದಿ ಊರಿಗೆ ವಾಪಸು ಬಂದ ರಂಗನಿಗೆ ಜನಿವಾರ ಇದೆಯೋ ಇಲ್ಲವೋ ಅಂತ ಮುದುಕಿಯೊಬ್ಬಳು ಎದೆ ಮುಟ್ಟಿ ನೋಡುವ ಕಡೆ ಬಿದ್ದು ಬಿದ್ದು ನಕ್ಕಳು. "ನೀನು ಕಾಲೇಜಿಂದ ಮೊದಲನೇ ಸಲ ಬಂದಾಗ ನಾನೂ ನೋಡಿದ್ದೆ, ನಿಂಗೆ ಗೊತ್ತಾಗ್ಲಿಲ್ಲ!"

ಮುಂದಿನ ಕಥೆ ನಿಮಗೆ ನೆನಪಿರಬಹುದು. ದೊಡ್ಡ ಹುಡುಗಿಯನ್ನು ತಾನೇ ನೋಡಿ ಮೆಚ್ಚಿ ಮದುವೆಯಾಗುತ್ತೇನೆ ಅನ್ನುತ್ತಾನೆ ರಂಗ. ಶ್ಯಾಮನಿಗೆ ಅವನನ್ನು ದಾರಿಗೆ ತರುವ ಆಸೆ. ರಾಮರಾಯರ ಮನೆಗೆ ಬಂದಿರುವ ರತ್ನ ಹಾಡುವುದನ್ನು ರಂಗ ನೋಡುವ ಹಾಗೆ ಮಾಡುತ್ತಾನೆ. ಅವಳಿಗೆ ಮದುವೆ ಆಗಿದೆ ಅಂತ ಸುಳ್ಳು ಹೇಳಿ ಹುಡುಗನ ಹೊಟ್ಟೆ ಉರಿಸುತ್ತಾನೆ. ಆಮೇಲೆ ಮೊದಲೇ ಪಾಠ ಹೇಳಿಟ್ಟ ಶಾಸ್ತ್ರಿಗಳ ಬಾಯಲ್ಲಿ ಅವಳ ಹೆಸರು ಬರುವ ಹಾಗೆ ಮಾಡುತ್ತಾನೆ. ಪ್ರಿನ್ಸಿಪಲ್ಲು ಎಲ್ಲ ಗಾಳಿಗೆ ತೂರಿ ರಂಗ ಅವಳನ್ನೇ ಮದುವೆಯಾಗುತ್ತಾನೆ. ಎಲ್ಲರೂ ಸುಖವಾಗಿರುತ್ತಾರೆ.

ರತ್ನಳ ವಯಸ್ಸು ಬರುವ ಕಡೆ ಅಜ್ಜಿ ನನ್ನನ್ನು ನಿಲ್ಲಿಸಿದಳು.

"ಎಷ್ಟು ಅಂದೆ?"

"ಹನ್ನೊಂದು ಅಜ್ಜಿ."

ಫೋನಿನ ಆ ಕಡೆ ಸದ್ದಿಲ್ಲ. ಕಾಲ್ ಕಟ್ಟಾಯಿತೇನೋ ಅಂತ ನೋಡಿದೆ, ಕಟ್ಟಾಗಿರಲಿಲ್ಲ.

"ನಮ್ಮಮ್ಮಂಗೂ ಹನ್ನೊಂದೇ ಕಣೋ."

ಹನ್ನೊಂದು ವರ್ಷ

ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯುವ ಒಂದು ಕಾನೂನು ತಂದಿತ್ತು. ದೇಶದಲ್ಲೇ ಮುಂದಿದ್ದ ಹೆಜ್ಜೆ ಅದು. ಆದರೆ ಆ ಕಾನೂನು ತಡೆದದ್ದು 8 ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಅಂದರೆ ಮಾಸ್ತಿಯವರ ರತ್ನ ಕಾನೂನಿನ ಲೆಕ್ಕದಲ್ಲಿ ಮೂರು ವರ್ಷ ದೊಡ್ಡವಳು. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ ಹುಡುಗಿಗೆ ಕನಿಷ್ಠ 14 ಆಗಿರಬೇಕು ಅನ್ನುವ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ನಮ್ಮ ಮುತ್ತಜ್ಜಿಯ ಮದುವೆ ಆದದ್ದು ಅದಕ್ಕೆ ಎರಡು ಮೂರು ವರ್ಷ ಮೊದಲು, ಮೈಸೂರು ಸೀಮೆಯಲ್ಲಿ.

ಮುತ್ತಜ್ಜಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. "ಅವರ ಹೆಸರೇನಜ್ಜಿ?" ಅಂತ ಕೇಳಿದೆ. ಅಜ್ಜಿ ಹೇಳಿದಳು. ಮೂವತ್ತು ವರ್ಷದಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಗಂಡನ ಮನೆಗೆ ಬರುವಾಗ ಮುತ್ತಜ್ಜಿ ಸೆರಗಿನ ತುದಿಯಲ್ಲಿ ಆರು ಕವಡೆ ಗಂಟು ಹಾಕಿಕೊಂಡು ಬಂದಿದ್ದಳಂತೆ, ಚೌಕಾಬಾರ ಆಡೋದಕ್ಕೆ. ಅಲ್ಲಿ ಆಡೋದಕ್ಕೆ ಜೊತೆ ಯಾರೂ ಇರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ಮಾವ ಊರಿನ ಶಾನುಭೋಗರು. ಸಂಜೆ ಲೆಕ್ಕದ ಕಡತಗಳನ್ನು ಕಟ್ಟಿಟ್ಟ ಮೇಲೆ ಜಗುಲಿಯಲ್ಲಿ ಲಾಂದ್ರದ ಬೆಳಕಿಗೆ ಪುಸ್ತಕ ತೆಗೆಯುತ್ತಿದ್ದರು. ಕೇಳೋದಕ್ಕೆ ಅಕ್ಕಪಕ್ಕದ ಮನೆಯವರು ಬಂದು ಕೂರುತ್ತಿದ್ದರು. ಕೆಲವು ದಿನ ಜೈಮಿನಿ ಭಾರತ, ಕೆಲವು ದಿನ ಕಾದಂಬರಿ. ಹೆಂಗಸರು ಜಗುಲಿಗೆ ಬರುವಂತಿರಲಿಲ್ಲ. ನಡುಮನೆಯ ಬಾಗಿಲ ಹಿಂದೆ, ಕತ್ತಲಲ್ಲಿ ಕೂತು ಕೇಳುತ್ತಿದ್ದರು.

ಒಂದು ದಿನ ಮಾವ ಮೊದಲೇ ಓದಿ ಮುಗಿಸಿದ್ದ ಪುಸ್ತಕವೊಂದನ್ನು ಮತ್ತೆ ಓದುತ್ತಿದ್ದಾಗ ಎರಡು ಪುಟ ಒಟ್ಟಿಗೆ ಮಗುಚಿಹೋಯಿತಂತೆ. ಬಾಗಿಲ ಹಿಂದಿನಿಂದ ಒಂದು ಸಣ್ಣ ದನಿ: "ಅಲ್ಲ, ಕಾಗದ ಬರೋದು ಇನ್ನೂ ಬಂದಿಲ್ಲ." ಜಗುಲಿಯೆಲ್ಲ ಗಪ್‌ಚಿಪ್. ಮಾವ ಪುಟ ಹಿಂದಕ್ಕೆ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ, ಬಿಟ್ಟ ಜಾಗದಿಂದ ಓದು ಮುಂದುವರಿಸಿದರು. ಅವತ್ತಿನಿಂದ ಓದುವಾಗ ದನಿ ಸ್ವಲ್ಪ ಎತ್ತರಿಸಿ ಓದುತ್ತಿದ್ದರಂತೆ.

ನಮ್ಮ ಅಜ್ಜಿಗೆ ಇದನ್ನು ಹೇಳಿದ್ದು ಅವಳ ಅಮ್ಮ. ನನಗೆ ಅಜ್ಜಿ ಹೇಳಿದ್ದು, ರಂಗ ರತ್ನರ ಮದುವೆಯನ್ನು ಅರ್ಧಕ್ಕೆ ನಿಲ್ಲಿಸಿ. ನಾನು ಓದುತ್ತಲೇ ಹೋಗಿದ್ದರೆ ಈ ಕಥೆ ಬರುತ್ತಿರಲಿಲ್ಲ.

ಹಗಲು ಕಚೇರಿ, ರಾತ್ರಿ ಕಥೆ

ಆಮೇಲೆ ನಾನು ಆ ಕಾಲದ ಕಥೆಗಾರರನ್ನು ಒಬ್ಬೊಬ್ಬರಾಗಿ ಹುಡುಕಿ ಓದೋದಕ್ಕೆ ಶುರು ಮಾಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅವರು ಮಾಡುತ್ತಿದ್ದ ಕೆಲಸ. ಬರೀ ಬರೆದು ಬದುಕಿದವರು ಬಹಳ ಕಡಿಮೆ. 1899ರಲ್ಲಿ 'ಇಂದಿರಾಬಾಯಿ' ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಎಳೆ ವಿಧವೆಯೊಬ್ಬಳು ಓದಿ ಮರುಮದುವೆಯಾಗುವ ಆ ಕಥೆಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನುತ್ತಾರೆ. 1900ರಲ್ಲಿ 'ಸುವಾಸಿನಿ' ಪತ್ರಿಕೆಗೆ 'ನನ್ನ ಚಿಕ್ಕತಾಯಿ' ಬರೆದ ಪಂಜೆ ಮಂಗೇಶರಾಯರು ಮೇಷ್ಟರು, ಆಮೇಲೆ ಶಾಲಾ ಇನ್‌ಸ್ಪೆಕ್ಟರು. 1915ರಲ್ಲಿ 'ಮಾಡಿದ್ದುಣ್ಣೋ ಮಹಾರಾಯ' ಬರೆದ ಎಂ. ಎಸ್. ಪುಟ್ಟಣ್ಣ ಅಮಲ್ದಾರರಾಗಿದ್ದವರು. ಕೆರೂರು ವಾಸುದೇವಾಚಾರ್ಯರು ಬಾಗಲಕೋಟೆಯ ವಕೀಲರು. ಮಾಸ್ತಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿದ್ದರು. ಹಗಲು ಬೇರೆಯವರ ಅರ್ಜಿ, ತಕರಾರು, ಜಮಾಬಂದಿ. ರಾತ್ರಿ ಸ್ವಂತ ಬರವಣಿಗೆ. ಸೋಮವಾರದ ಸ್ಟ್ಯಾಂಡಪ್ ಮೀಟಿಂಗ್ ನೆನೆಸಿಕೊಂಡು ಭಾನುವಾರ ರಾತ್ರಿ ಏನೋ ಬರೆಯೋದಕ್ಕೆ ಕೂರುವ ನನ್ನಂಥವರಿಗೆ ಇದು ಎಷ್ಟು ಸಮಾಧಾನ ಕೊಟ್ಟಿತು ಅಂತ ಹೇಳಲಾರೆ.

ಬರೆದರೂ ಓದುವವರು ಎಲ್ಲಿದ್ದರು? 1911ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 6 ಜನ. ಹೆಂಗಸರಲ್ಲಂತೂ ನೂರಕ್ಕೆ ಒಬ್ಬರ ಆಸುಪಾಸು. ಮೇಲಾಗಿ ಕನ್ನಡ ಮಾತಾಡುವ ಜನ ಹರಿದು ಹಂಚಿಹೋಗಿದ್ದರು. ಮೈಸೂರು ಮಹಾರಾಜರ ಕೈಯಲ್ಲಿ ಒಂದು ಭಾಗ, ಮುಂಬೈ ಪ್ರಾಂತ್ಯದಲ್ಲಿ ಒಂದು, ಮದ್ರಾಸ್ ಪ್ರಾಂತ್ಯದಲ್ಲಿ ಒಂದು, ನಿಜಾಮರ ಕೈಯಲ್ಲಿ ಒಂದು, ಕೊಡಗು ಬೇರೆ. ಧಾರವಾಡದ ಕಡೆ ಮರಾಠಿಯ ಒತ್ತಡ. ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ, ಬೆಂಗಳೂರಿನಲ್ಲಿ 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಈ ಚೂರುಗಳನ್ನು ಹೇಗಾದರೂ ಹೊಲಿಯೋಣ ಅಂತಲೇ.

ಪುಸ್ತಕ ಮಾರೋದಕ್ಕೆ ಈಗಿನ ಹಾಗೆ ಒಂದು ಲಿಂಕ್ ಕಳಿಸಿದರೆ ಆಗುತ್ತಿರಲಿಲ್ಲ. ಹಾವೇರಿ ಸೀಮೆಯ ಗಳಗನಾಥರು, ಹುಟ್ಟು ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಶಾಲಾ ಮಾಸ್ತರರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವಂತವಾಗಿಯೂ ಬರೆದರು, 'ಸದ್ಬೋಧ ಚಂದ್ರಿಕೆ' ಪತ್ರಿಕೆ ನಡೆಸಿದರು. ಆಮೇಲೆ ತಮ್ಮ ಪುಸ್ತಕದ ಗಂಟನ್ನು ತಾವೇ ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ತಲೆಮೇಲಿನ ಗಂಟಿನಿಂದ ಒಂದು ಊರಿಗೆ ಎಷ್ಟು ಪ್ರತಿ ಹೋದಾವು? ಒಂದೋ, ಎರಡೋ. ಆದರೆ ಆ ಒಂದು ಪ್ರತಿಯನ್ನು ಒಬ್ಬರು ಮಾತ್ರ ಓದುತ್ತಿರಲಿಲ್ಲ. ಒಬ್ಬರು ಓದುತ್ತಿದ್ದರು, ಜಗುಲಿಯಲ್ಲಿ ಹತ್ತು ಜನ ಕೇಳುತ್ತಿದ್ದರು, ಬಾಗಿಲ ಹಿಂದೆ ಇನ್ನೂ ನಾಲ್ಕು ಜನ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಕಾಲದ ಕಾದಂಬರಿಗಳಲ್ಲಿ ನಮಗೆ ಬೇಜಾರು ತರಿಸುವ ಎಷ್ಟೋ ಸಂಗತಿಗಳಿಗೆ ಕಾರಣ ಸಿಗುತ್ತದೆ. ಮಧ್ಯೆ ಮಧ್ಯೆ 'ವಾಚಕರೇ' ಅಂತ ಕರೆಯೋದು, ಅಧ್ಯಾಯದ ಶುರುವಿಗೆ ಹಿಂದಿನದನ್ನು ಜ್ಞಾಪಿಸೋದು, ಒಂದು ಪಾತ್ರ ಬಂದ ಕೂಡಲೇ ಅವರು ಯಾರ ಮಗ ಯಾರ ಸೊಸೆ ಅಂತ ಬಿಡಿಸಿ ಹೇಳೋದು. ನಿನ್ನೆ ಬರದೇ ಇವತ್ತು ಬಂದು ಕೂತವರಿಗೆ ಇದೆಲ್ಲ ಬೇಕಿತ್ತು. ಪುಟ ಹಿಂದಕ್ಕೆ ತಿರುಗಿಸಿ ನೋಡುವ ಅನುಕೂಲ ಕೇಳುವವರಿಗೆ ಇಲ್ಲವಲ್ಲ! ಪಂಜೆಯವರು ತುಳು ಪಾಡ್ದನಗಳಲ್ಲಿ ಹಾಡುತ್ತಿದ್ದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ಇಳಿಸಿದರು. ಬಾಯಲ್ಲಿದ್ದದ್ದು ಪುಸ್ತಕಕ್ಕೆ ಬಂತು. ಪುಸ್ತಕದಲ್ಲಿದ್ದದ್ದು ಮತ್ತೆ ಬಾಯಿಗೆ ಹೋಗುತ್ತಿತ್ತು. ಈ ಎರಡನೇ ಪ್ರಯಾಣಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ.

ಬಾಗಿಲಿನಿಂದ ಈಚೆಗೆ ಬಂದವಳು

ಬಾಗಿಲ ಹಿಂದೆ ಕೂತವರಲ್ಲಿ ಒಬ್ಬರಾದರೂ ಎದ್ದು ಈಚೆ ಬಂದು ಪೆನ್ನು ಹಿಡಿದಿರಬೇಕಲ್ಲ ಅಂತ ಹುಡುಕಿದೆ. ಸಿಕ್ಕವರು ನಂಜನಗೂಡು ತಿರುಮಲಾಂಬ.

1887ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಮದುವೆ, ಹದಿನಾಲ್ಕಕ್ಕೆ ವಿಧವೆ. ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿದರು. 1913ರಲ್ಲಿ 'ಸುಶೀಲೆ' ಕಾದಂಬರಿ ಬಂತು. ಅದನ್ನು ಪ್ರಕಟಿಸಿದ್ದೂ ತಾವೇ, ತಮ್ಮದೇ 'ಸತೀ ಹಿತೈಷಿಣೀ' ಗ್ರಂಥಮಾಲೆಯಲ್ಲಿ. ಆಮೇಲೆ 'ಕರ್ನಾಟಕ ನಂದಿನಿ' ಅನ್ನುವ ಮಾಸಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಪ್ರಕಾಶಕಿ, ಸಂಪಾದಕಿ ಅಂತ ಅವರನ್ನು ಗುರುತಿಸುತ್ತಾರೆ. 1982ರವರೆಗೆ ಬದುಕಿದ್ದರು. ಆದರೆ ಅಷ್ಟು ಹೊತ್ತಿಗೆ ಸಾಹಿತ್ಯ ಲೋಕ ಅವರನ್ನು ಬಹುತೇಕ ಮರೆತೇಬಿಟ್ಟಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಅವರ ಹೆಸರು ಓದಿದ ನೆನಪು ನನಗಿಲ್ಲ.

'ರಂಗನ ಮದುವೆ' ಬರೆಯುವಾಗ ಮಾಸ್ತಿ ತಮಾಷೆ ಮಾಡಿದ್ದು ಇಂಗ್ಲಿಷ್ ಓದಿ ದೊಡ್ಡ ಮಾತಾಡುವ ಹುಡುಗನನ್ನು. ಆ ತಮಾಷೆ ಈಗಲೂ ಚೆನ್ನಾಗಿದೆ. ಆದರೆ ಆ ಕಥೆಯಲ್ಲಿ ರತ್ನಳಿಗೆ ಏನನ್ನಿಸಿತು ಅನ್ನೋದು ಬರುವುದಿಲ್ಲ. ಕಥೆ ಹೇಳುವವನು ಶ್ಯಾಮ, ಅವನಿಗೆ ಅದು ಕಾಣುವುದೂ ಇಲ್ಲ. ತಿರುಮಲಾಂಬ ಬರೆದದ್ದು ಹೆಂಗಸರು ಓದಲಿ ಅಂತ. ಅವರ ಬರವಣಿಗೆಯಲ್ಲಿ ನೀತಿಬೋಧೆ ಜಾಸ್ತಿ, ಪತಿವ್ರತಾ ಧರ್ಮವೂ ಉಂಟು. ಇವತ್ತು ಓದುವಾಗ ಹಲವು ಕಡೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಆದರೂ ಹದಿನಾಲ್ಕಕ್ಕೆ ಬದುಕು ಮುಗಿಯಿತು ಅಂತ ಎಲ್ಲರೂ ಹೇಳಿದ ಮೇಲೆ ಇಪ್ಪತ್ತಾರಕ್ಕೆ ಪುಸ್ತಕ ಅಚ್ಚು ಹಾಕಿಸಿದ ಹೆಂಗಸು ಅವರು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮ ಅಕ್ಷರ ಕಲಿತದ್ದು ನನ್ನ ಸ್ಲೇಟಲ್ಲಿ. ನಾನು ಒಂದನೇ ಕ್ಲಾಸು, ಅವಳಿಗೆ ಮೂವತ್ತು ದಾಟಿತ್ತು. ರಾತ್ರಿ ಒಲೆ ಆರಿಸಿದ ಮೇಲೆ ತಿದ್ದೋಳು" ಅಂದಳು.

ದೀಪ ಆರಿದಾಗ

ಇನ್ನು ಉಂಗುರದ ವಿಷಯ.

ಕನ್ನಡಕ್ಕೆ ಕಾದಂಬರಿಯ ರುಚಿ ಹತ್ತಿಸಿದವರಲ್ಲಿ ದೊಡ್ಡ ಹೆಸರು ಬಿ. ವೆಂಕಟಾಚಾರ್ಯರದ್ದು. 1845ರಿಂದ 1914ರವರೆಗೆ ಬದುಕಿದ್ದವರು. ಇವರೂ ಕಚೇರಿ ಮನುಷ್ಯರೇ, ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯವರು. ಬಂಗಾಳಿಯನ್ನು ತಾವಾಗಿಯೇ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯ ಮನೆಗಳಲ್ಲಿ ಕಾದಂಬರಿ ಅಂದರೆ ಬಹಳ ಸಲ ವೆಂಕಟಾಚಾರ್ಯರ ಪುಸ್ತಕವೇ. ಅವರ 'ದುರ್ಗೇಶನಂದಿನಿ' ಕನ್ನಡದಲ್ಲಿ ಬಂದದ್ದು 1885ರಲ್ಲಿ. ಬಂಕಿಮರು ಬಂಗಾಳಿಯಲ್ಲಿ ಅದನ್ನು ಪ್ರಕಟಿಸಿದ್ದು 1865ರಲ್ಲಿ, ಅದು ಅವರ ಮೊದಲ ಬಂಗಾಳಿ ಕಾದಂಬರಿ.

ಹಳೆಯ ಪ್ರತಿಯ ಸ್ಕ್ಯಾನ್ ಒಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಒಂದು ಗುರುವಾರ ರಾತ್ರಿ ಅಜ್ಜಿಗೆ ಅದನ್ನು ಓದೋಣ ಅಂತ ತೆಗೆದೆ. ನಾನೂ ಮೊದಲೇ ಓದಿರಲಿಲ್ಲ. ಭಾಷೆ ಸ್ವಲ್ಪ ಗಡುಸು, ಸಂಸ್ಕೃತ ಜಾಸ್ತಿ. ತಡವರಿಸುತ್ತಾ ಶುರು ಮಾಡಿದೆ. ಕುದುರೆ ಮೇಲೆ ಒಬ್ಬನೇ ಹೋಗುತ್ತಿರುವ ರಜಪೂತ ಯುವಕ ಜಗತ್ಸಿಂಹ. ಸಂಜೆ, ಬಯಲು, ಬಿರುಗಾಳಿ ಮಳೆ. ಮಿಂಚಿನ ಬೆಳಕಲ್ಲಿ ಕಂಡ ಶಿವನ ಗುಡಿ.

"ತಡಿ" ಅಂದಳು ಅಜ್ಜಿ. "ಈಗ ದೀಪ ಆರುತ್ತೆ."

ಮುಂದಕ್ಕೆ ಕಣ್ಣಾಡಿಸಿದೆ. ದೀಪ ಆರಿತು.

"ಒಳಗೆ ಇಬ್ಬರು ಹೆಂಗಸರು."

ಇಬ್ಬರು ಹೆಂಗಸರು. ತಿಲೋತ್ತಮೆ, ವಿಮಲೆ.

ಫೋನಿನಲ್ಲಿ ಬಳೆ ಸದ್ದು ಕೇಳಿಸಿತು. ಎಂಬತ್ತೈದು ವರ್ಷದ ಕೈ ಅಲ್ಲಾಡಿಸಿದ ಎರಡು ಬಳೆ. ನನಗೆ ಮಾತು ಹೊರಡಲಿಲ್ಲ.

ಮುಂದಿನ ಮೂರು ವಾರ ನಾವು ಓದಿದ್ದಲ್ಲ, ತಾಳೆ ನೋಡಿದ್ದು. ಅಜ್ಜಿಯ ಕಥೆಯಲ್ಲಿ ಜಗತ್ಸಿಂಹ, ಮಾನಸಿಂಹ, ಪಠಾಣರ ಕತ್ಲೂ ಖಾನ ಅನ್ನುವ ಹೆಸರುಗಳೆಲ್ಲ ಉದುರಿಹೋಗಿದ್ದವು. ಮೊಗಲರೂ ಪಠಾಣರೂ ಹೋಗಿ 'ಈ ಕಡೆ ರಾಜ, ಆ ಕಡೆ ರಾಜ' ಅಂತ ಆಗಿತ್ತು. ಕೋಟೆಗಳು ಉಳಿದಿದ್ದವು. ವಿಮಲೆ ಶತ್ರುವಿನ ಹುಟ್ಟುಹಬ್ಬದ ಔತಣದಲ್ಲಿ ಅವನನ್ನು ಇರಿದು ಸೇಡು ತೀರಿಸಿಕೊಳ್ಳುವುದು ಉಳಿದಿತ್ತು. ನಮಗೆ ಚಿಕ್ಕವರಿದ್ದಾಗ ಅಜ್ಜಿ ಆ ಭಾಗವನ್ನು ಮಾತ್ರ ಹೇಳುತ್ತಿರಲಿಲ್ಲ, ಅಷ್ಟೆ. ಎಲ್ಲಕ್ಕಿಂತ ಚೆನ್ನಾಗಿ ಉಳಿದಿದ್ದವಳು ಆಯೇಷಾ, ಗಾಯಗೊಂಡ ಶತ್ರುವಿನ ಆರೈಕೆ ಮಾಡಿ ಅವನನ್ನೇ ಪ್ರೀತಿಸಿದ ಪಠಾಣ ರಾಜಕುಮಾರಿ. ಕೊನೆಗೆ ಅವಳು ತನ್ನ ಒಡವೆಗಳನ್ನು ತಿಲೋತ್ತಮೆಗೆ ಕೊಡುತ್ತಾಳೆ. ರಾತ್ರಿ ವಿಷದ ಉಂಗುರ ನೋಡುತ್ತಾ ಕೂತು, ಸಾಯುವುದು ಬೇಡ ಅಂತ ತೀರ್ಮಾನಿಸಿ, ಅದನ್ನು ಕೋಟೆಯ ಕಂದಕದ ನೀರಿಗೆ ಎಸೆಯುತ್ತಾಳೆ.

ಬಂಗಾಳದ ಕಂದಕಕ್ಕೆ 1865ರಲ್ಲಿ ಬಿದ್ದ ಉಂಗುರ. 1885ರಲ್ಲಿ ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು. ಯಾರೋ ಶಾನುಭೋಗರು ಲಾಂದ್ರದ ಬೆಳಕಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಬಾಗಿಲ ಹಿಂದೆ ಕೂತಿದ್ದ, ಓದು ಬಾರದ ಹುಡುಗಿಯೊಬ್ಬಳು ಅದನ್ನು ಕಿವಿಯಲ್ಲಿ ಹಿಡಿದುಕೊಂಡಳು. ಎಷ್ಟೋ ವರ್ಷದ ಮೇಲೆ ತನ್ನ ಮಗಳಿಗೆ ಹೇಳುವಾಗ ಅದನ್ನು ತನ್ನೂರ ಕೆರೆಗೆ ಹಾಕಿದಳು. ಹನ್ನೊಂದಕ್ಕೆ ಮದುವೆಯಾಗಿ ಬಂದವಳಿಗೆ, ಉಂಗುರ ಕೈಯಲ್ಲಿದ್ದರೂ ಸಾಯದೆ ಬದುಕಲು ನಿರ್ಧರಿಸಿದ ಆಯೇಷಾಳೇ ಯಾಕೆ ಅಷ್ಟು ಚೆನ್ನಾಗಿ ನೆನಪಿದ್ದಳು ಅಂತ ಅಜ್ಜಿಯನ್ನು ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಅದರ ಬದಲು, "ಅಜ್ಜಿ, ಇದು ನಮ್ಮೂರ ಕಥೆ ಅಲ್ಲ, ಬಂಗಾಳದ್ದು" ಅಂದೆ.

"ಹಂಗಂತ ಪುಸ್ತಕದಲ್ಲಿ ಬರ್ದಿದಾರಾ?"

"ಹೂಂ."

"ಬರೀಲಿ ಬಿಡು. ಅವ್ರೂ ಯಾರ ಹತ್ರಾನೋ ಕೇಳಿರ್ತಾರೆ."

ಇವತ್ತು ರಾತ್ರಿ ಒಂಬತ್ತೂವರೆಗೆ

ನಾವು ಈಗ ಕಥೆ ಕೇಳುವ ಕಾಲಕ್ಕೆ ವಾಪಸು ಬಂದಿದ್ದೇವೆ ಅನ್ನುತ್ತಾರೆ. ಪಾಡ್‌ಕಾಸ್ಟು, ಆಡಿಯೋ ಪುಸ್ತಕ, ರೀಲ್ಸು ಎಲ್ಲ ಇವೆ. ನಾನೂ ಟ್ರಾಫಿಕ್‌ನಲ್ಲಿ ಕೇಳುತ್ತೇನೆ. ಆದರೆ ಇಯರ್‌ಫೋನ್ ಹಾಕಿಕೊಂಡವರು "ಕಾಗದ ಬರೋದು ಇನ್ನೂ ಬಂದಿಲ್ಲ" ಅಂತ ಹೇಳುವ ಹಾಗಿಲ್ಲ. ನೂರು ವರ್ಷದ ಹಿಂದಿನ ಆ ಜಗುಲಿಯಲ್ಲಿ ಬಾಗಿಲ ಹಿಂದಿದ್ದವಳಿಗೂ ಅದನ್ನು ಹೇಳಲು ಆಯಿತು, ಓದುತ್ತಿದ್ದವರು ನಿಲ್ಲಿಸಿದರು. ಆ ಜಗುಲಿಯನ್ನು ನಾನು ಹೊಗಳುತ್ತಿಲ್ಲ. ಬಾಗಿಲು ಯಾಕಿತ್ತು ಅನ್ನೋದು ನನಗೆ ಗೊತ್ತು. ನಿಲ್ಲಿಸಿ ಕೇಳುವ ಆ ಕ್ರಮ ಮಾತ್ರ ಬೇಕು ಅನ್ನಿಸುತ್ತದೆ.

ನಿಮ್ಮ ಮನೆಯಲ್ಲೂ ಕಣ್ಣು ಮಂಜಾದ, ಕಿವಿ ಚುರುಕಾಗಿರುವ ಯಾರಾದರೂ ಇದ್ದರೆ ಒಂದು ಹಳೆಯ ಕಥೆ ಹಿಡಿದು ಫೋನ್ ಮಾಡಿ. 'ರಂಗನ ಮದುವೆ'ಗೆ ಒಂದೆರಡು ರಾತ್ರಿ ಸಾಕು, ಅವರು ಮಧ್ಯೆ ಮಾತಾಡಿದರೆ ನಾಲ್ಕು. ಪಂಜೆ, ಕೆರೂರು, ವೆಂಕಟಾಚಾರ್ಯರು ತೀರಿಕೊಂಡು ಅರವತ್ತು ವರ್ಷ ಎಂದೋ ದಾಟಿರುವುದರಿಂದ ಅವರ ಕೃತಿಗಳು ಕಾಪಿರೈಟಿನಿಂದ ಹೊರಗೆ ಬಂದಿವೆ. ಓದುವಾಗ ತಡವರಿಸಿದರೆ ಚಿಂತೆಯಿಲ್ಲ, ಅವರು ತಿದ್ದುತ್ತಾರೆ. ನಿಲ್ಲಿಸು ಅಂದರೆ ನಿಲ್ಲಿಸಿ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಸಂಜೆ ಅಜ್ಜಿಯ ಕೈ ಹಿಡಿದುಕೊಂಡು ಏರಿಯ ತನಕ ನಡೆದೆ. ಈ ಸಲ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ನಮ್ಮ ಅಕ್ಕನ ಮಗಳೂ ಜೊತೆಗಿದ್ದಳು, ಆರು ವರ್ಷ. ನೀರಿಗೆ ಕಲ್ಲೆಸೆಯುತ್ತಿದ್ದಳು.

"ಏಯ್ ಪುಟ್ಟಿ, ಆ ಕಡೆ ಹೋಗ್ಬೇಡ" ಅಂದೆ.

"ಯಾಕೆ ಮಾಮ?"

ಅಜ್ಜಿ ನನ್ನ ಕೈ ಒತ್ತಿದಳು. ಕಣ್ಣು ಕಾಣದಿದ್ದರೂ ಅವಳು ಸರಿಯಾಗಿ ನನ್ನ ಕಡೆಗೇ ತಿರುಗಿದ್ದಳು. ಈ ಸಲ ನಾನು ಹೇಳಬೇಕಿತ್ತು.

"ಒಬ್ಬ ರಾಜಕುಮಾರ ಇದ್ದ" ಅಂತ ಶುರು ಮಾಡಿದೆ. "ಜೋರು ಮಳೆ..."